ಒಂದೇ ನೌಕೆಯಲ್ಲಿ ಎರಡು ಬಣ

1987ರಲ್ಲಿ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಧಾರಾವಾಹಿ ಶುರುವಾದಾಗ ಅದರ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಬರಹಗಾರರಿಗೊಂದು ಕಟ್ಟಳೆ ಹಾಕಿದ್ದರು: 24ನೇ ಶತಮಾನದ ಬಾಹ್ಯಾಕಾಶ ನೌಕೆಯ ಸಿಬ್ಬಂದಿ ತಮ್ಮತಮ್ಮಲ್ಲಿ ಕಚ್ಚಾಡುವುದಿಲ್ಲ. ಕೇಳಲು ಚೆಂದ. ಆದರೆ ಜಗಳವೇ ಇಲ್ಲದ ಮನೆಯ ಧಾರಾವಾಹಿಯನ್ನು ನೋಡುವವರು ಯಾರು?

ರಾಡನ್‌ಬೆರಿ 1991ರಲ್ಲಿ ತೀರಿಕೊಂಡರು. ಅವರ ಕಟ್ಟಳೆ ಮುರಿಯದೆ ಜಗಳ ಹಚ್ಚುವ ಉಪಾಯವನ್ನು ನಿರ್ಮಾಪಕರಾದ ರಿಕ್ ಬರ್ಮನ್, ಮೈಕೆಲ್ ಪಿಲ್ಲರ್, ಜೆರಿ ಟೇಲರ್ ಹುಡುಕಿದರು. ಒಳಗಿನವರು ಜಗಳವಾಡುವಂತಿಲ್ಲವೇ? ಹೊರಗಿನವರನ್ನು ಹತ್ತಿಸಿಕೊಳ್ಳೋಣ! ಹೀಗೆ ಹುಟ್ಟಿದವರು ‘ಮಾಕಿ’ ಬಂಡುಕೋರರು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಕಾದಾಡಿದ ಫ್ರೆಂಚ್ ಗೆರಿಲ್ಲಾಗಳ ಹೆಸರದು. ‘ಟ್ರೆಕ್’ ಕತೆಯಲ್ಲಿ, ಒಪ್ಪಂದವೊಂದರಿಂದ ಗಡಿಯ ವಸಾಹತುಗಳು ವೈರಿಗಳ ಪಾಲಾಗುತ್ತವೆ; ಅದನ್ನೊಪ್ಪದ ನಿವಾಸಿಗಳು ಆಯುಧ ಹಿಡಿಯುತ್ತಾರೆ. ಗೆರೆ ಎಳೆಯುವವರು ಒಬ್ಬರು, ಗೆರೆಯಾಚೆ ಉಳಿಯುವವರು ಇನ್ನೊಬ್ಬರು ಎಂಬುದನ್ನು ಕಾಸರಗೋಡು ಕಂಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 1994ರ ಬೇಸಿಗೆಯ ಹೊತ್ತಿಗೆ ಆಗ ಪ್ರಸಾರವಾಗುತ್ತಿದ್ದ ಎರಡೂ ‘ಟ್ರೆಕ್’ ಸರಣಿಗಳಲ್ಲಿ ಮಾಕಿಗಳಿಗೆ ನೆಲ ಹದವಾಯಿತು. 1995ರ ಜನವರಿ 16ಕ್ಕೆ ಹೊಸ ಸರಣಿ ‘ವಾಯೇಜರ್’ ಬಂತು.

ನಮ್ಮ ಮುಂಬೈಯ ವಡಾಲದಲ್ಲಿ ಲೋಕಲ್ ರೈಲಿನ ಹಾರ್ಬರ್ ಲೈನ್ ಎರಡಾಗಿ ಕವಲೊಡೆಯುತ್ತದೆ. ಸಿಎಸ್‌ಎಂಟಿಯಿಂದ ಸೀಟಿಗಾಗಿ ಕಿತ್ತಾಡುತ್ತ ಬಂದವರಲ್ಲಿ ಒಬ್ಬ ಇಲ್ಲಿಳಿದು ಪನ್ವೇಲ್ ಗಾಡಿ ಹಿಡಿದರೆ ತಂಟೆ ಮುಗಿಯಿತು. ವಾಯೇಜರ್‌ನಲ್ಲಿ ಇಳಿಯಲು ಸ್ಟೇಷನ್ನೇ ಇಲ್ಲ: ಎರಡೂ ಬಣ ಸಿಕ್ಕಿಬಿದ್ದ ಜಾಗದಿಂದ ಮನೆ 70,000 ಜ್ಯೋತಿರ್ವರ್ಷ ದೂರ, ದಾರಿ 75 ವರ್ಷದ್ದು. ಬಂಡುಕೋರರನ್ನು ಹಿಡಿಯಲು ಬಂದ ಕ್ಯಾಪ್ಟನ್ ಜೇನ್‌ವೇ ಆ ಬಂಡುಕೋರರ ನಾಯಕ ಚಕೋಟೆಯನ್ನೇ ತನ್ನ ಉಪನಾಯಕನನ್ನಾಗಿ ಮಾಡಿಕೊಳ್ಳಬೇಕಾಗುತ್ತದೆ.

ಇಷ್ಟು ಮದ್ದು ತುಂಬಿಟ್ಟು ಬತ್ತಿ ಹಚ್ಚಲೇ ಇಲ್ಲವಲ್ಲ ಎಂಬುದು ನನ್ನ ತಕರಾರು. ಮೊದಲ ಕತೆಯ ಕೊನೆಗೇ ಎಲ್ಲರ ಮೈಮೇಲೂ ಒಂದೇ ಸಮವಸ್ತ್ರ. ವ್ಯತ್ಯಾಸ ಉಳಿದದ್ದು ಕೊರಳಪಟ್ಟಿಯಲ್ಲಿ ಮಾತ್ರ: ಜೇನ್‌ವೇಯ ಸ್ಟಾರ್‌ಫ್ಲೀಟ್ ಪಡೆಯವರಿಗೆ ದುಂಡನೆ ಗುಂಡಿಗಳು, ಮಾಕಿಗಳಿಗೆ ಸಣ್ಣದೊಂದು ಪಟ್ಟಿ. ಮುಂದಿನ ಕತೆಯಲ್ಲಿ ಮಾಕಿ ಎಂಜಿನಿಯರ್ ಬೆಲಾನಾ ಟೋರೆಸ್ ಸ್ಟಾರ್‌ಫ್ಲೀಟ್‌ನ ಎಂಜಿನಿಯರ್ ಕೇರಿ ಎಂಬವನ ಮೂಗು ಮುರಿಯುತ್ತಾಳೆ. ಅದೇ ಕಂತು ಮುಗಿಯುವಷ್ಟರಲ್ಲಿ ಮುಖ್ಯ ಎಂಜಿನಿಯರ್ ಆಗುತ್ತಾಳೆ, ಮೂಗು ಮುರಿಸಿಕೊಂಡವನೇ ಅಭಿನಂದಿಸುತ್ತಾನೆ! ಪ್ರತಿ ಕಂತಿನ ಲೆಕ್ಕ ಆಯಾ ಕಂತಿಗೇ ಚುಕ್ತಾ. ನಾವು ಕಾದಿದ್ದ ಬಂಡಾಯ ನಡೆದದ್ದು 1997ರಲ್ಲಿ, ಅದೂ ನೌಕೆಯ ಭದ್ರತಾ ಅಧಿಕಾರಿ ಟುವಾಕ್ ತರಬೇತಿಗೆಂದು ಬರೆದಿಟ್ಟ ಕಂಪ್ಯೂಟರ್ ಕತೆಯೊಳಗೆ.

‘ಟ್ರೆಕ್’ ಬರಹಗಾರ ರೊನಾಲ್ಡ್ ಡಿ. ಮೂರ್ 1999ರಲ್ಲಿ ‘ವಾಯೇಜರ್’ ಸೇರಿ, ಕೆಲವೇ ವಾರಗಳಲ್ಲಿ ಬೇಸತ್ತು ಹೊರಬಿದ್ದರು. ಆಮೇಲೆ ಅವರು ಹೊಸದಾಗಿ ಕಟ್ಟಿದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದಲ್ಲಿ, 2005ರ ಒಂದು ಕಂತಿನಲ್ಲಿ, ಅಳಿದುಳಿದ ಮನುಷ್ಯರ ಎರಡು ಯುದ್ಧನೌಕೆಗಳು ಒಂದರ ಮೇಲೊಂದು ಫೈಟರ್ ವಿಮಾನ ಹಾರಿಸುತ್ತವೆ. ಎರಡೂ ಕಡೆಯವರದು ಒಂದೇ ಸೇನೆ, ಒಂದೇ ಸಮವಸ್ತ್ರ.