'ಬೇಸ್ತವಾರ' ತಪ್ಪೇ? ವಾರದ ಹೆಸರುಗಳ ಪಾಠಕ್ಕೊಂದು ಟಿಪ್ಪಣಿ

ಗುಬ್ಬಿ, ಕುಣಿಗಲ್ ಮತ್ತು ತುಮಕೂರು ನಗರದ ಶಾಲೆಗಳಲ್ಲಿ ನಾನು ವೀಕ್ಷಿಸಿದ ಅಭ್ಯಾಸ ಪಾಠಗಳಲ್ಲಿ ಒಂದು ತಿದ್ದುಪಡಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಮಗು 'ಬೇಸ್ತವಾರ' ಎಂದರೆ ಪ್ರಶಿಕ್ಷಣಾರ್ಥಿ 'ಅಲ್ಲ, ಗುರುವಾರ' ಎನ್ನುತ್ತಾರೆ. 'ಆಯ್ತವಾರ' ಎಂದರೆ 'ಭಾನುವಾರ' ಎಂದು ತಿದ್ದುತ್ತಾರೆ. ಪಠ್ಯದ ರೂಪವನ್ನು ಕಲಿಸಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆ 'ಅಲ್ಲ' ಎಂಬ ಮಾತಿನ ಬಗ್ಗೆ ನನ್ನ ತಕರಾರಿದೆ. ಮಗು ಅದನ್ನು ಕೇಳಿಸಿಕೊಳ್ಳುವುದು 'ನಿಮ್ಮಜ್ಜಿಗೆ ಮಾತು ಬರದು' ಎಂಬಂತೆ.

ಕನ್ನಡದ ಏಳೂ ವಾರಗಳ ಹೆಸರು ಸಂಸ್ಕೃತದಿಂದ ಬಂದವು. 'ಗುರುವಾರ' ಬಂದ ಹಾಗೆಯೇ ಉಳಿಯಿತು. 'ಬೃಹಸ್ಪತಿವಾರ' ನಮ್ಮವರ ನಾಲಗೆಯಲ್ಲಿ ಸವೆದು 'ಬೇಸ್ತವಾರ'ವಾಯಿತು, 'ಆದಿತ್ಯವಾರ' 'ಆಯ್ತವಾರ'ವಾಯಿತು. ಒಂದು ತತ್ಸಮ, ಇನ್ನೊಂದು ತದ್ಭವ. ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಇಂಥ ಮಾರ್ಪಾಡುಗಳಿಗೇ ಒಂದು ಪ್ರಕರಣವನ್ನು ಮೀಸಲಿಟ್ಟ. ಪ್ರೌಢಶಾಲೆಯಲ್ಲಿ ತದ್ಭವವನ್ನು ವ್ಯಾಕರಣವೆಂದು ಕಲಿಸುವ ನಾವೇ ಪ್ರಾಥಮಿಕ ಶಾಲೆಯಲ್ಲಿ ಅದನ್ನು ತಪ್ಪೆಂದು ಹೊಡೆದುಹಾಕುವುದು ವಿಚಿತ್ರ.

ಬೇರೆ ನಾಡಿನ ಒಂದು ಉದಾಹರಣೆ ಇಲ್ಲಿ ನೆರವಾಗುತ್ತದೆ. ಫಿಲಿಪ್ಪೀನ್ಸ್ 1565ರಿಂದ 1898ರವರೆಗೆ ಸ್ಪೇನಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ತಗಾಲೊಗ್ ಭಾಷೆಯಲ್ಲಿ ವಾರದ ಹೆಸರುಗಳೆಲ್ಲ ಸ್ಪ್ಯಾನಿಷ್ ಮೂಲದವು: ಲೂನೆಸ್, ಮಾರ್ತೆಸ್, ಮಿಯೆರ್ಕುಲೆಸ್, ಹುವೆಬೆಸ್, ಬಿಯೆರ್ನೆಸ್, ಸಬಾದೊ, ಲಿಂಗ್ಗೊ. ಮೊದಲ ಐದರಲ್ಲಿ ಚಂದ್ರ, ಮಂಗಳ, ಬುಧ, ಗುರು, ಶುಕ್ರ ನಮ್ಮ ಕ್ರಮದಲ್ಲೇ ಕೂತಿದ್ದಾರೆ. ಆಮೇಲೆ ದಾರಿ ಬೇರೆ: ಸಬಾದೊ ಯಹೂದಿಗಳ ವಿಶ್ರಾಂತಿ ದಿನ, ಲಿಂಗ್ಗೊ 'ಪ್ರಭುವಿನ ದಿನ' ಎಂಬ ಅರ್ಥದ 'ದೊಮಿಂಗೊ'ದಿಂದ ಬಂದದ್ದು. ದೊಮಿಂಗೊ ಲಿಂಗ್ಗೊ ಆದದ್ದು ನಮ್ಮ ಬೇಸ್ತವಾರದಷ್ಟೇ ದೊಡ್ಡ ಮಾರ್ಪಾಡು. ಅಲ್ಲಿ ಅದೇ ಶಿಷ್ಟ ರೂಪ. ಶಾಲೆಯಲ್ಲಿ ಕಲಿಸುವುದೂ ಅದನ್ನೇ. ಆಳಿದವರ ಮಾತು ಎಲ್ಲೆಡೆ ಹೀಗೆ ನೆಲೆಯೂರುತ್ತದೆ ಎಂದಲ್ಲ. ಗೋವೆಯಲ್ಲಿ ಪೋರ್ಚುಗೀಸರು 1510ರಿಂದ 1961ರವರೆಗೆ ಇದ್ದರೂ ಕೊಂಕಣಿ ಕ್ರೈಸ್ತರಿಗೆ ಭಾನುವಾರ ಇಂದಿಗೂ 'ಆಯ್ತಾರ್'.

ತುಮಕೂರು ನಗರದ ತರಗತಿಗಳಲ್ಲಿ ಉರ್ದು ಮನೆಮಾತಿನ ಮಕ್ಕಳೂ ಇರುತ್ತಾರೆ. ಅವರ 'ಇತ್ವಾರ್' ಹುಟ್ಟಿದ್ದು ಅದೇ ಆದಿತ್ಯವಾರದಿಂದ. ಅಂದರೆ ಗುಬ್ಬಿಯ ಹಳ್ಳಿಯ ಮಗುವಿನ ಆಯ್ತವಾರಕ್ಕೆ ಅದು ದಾಯಾದಿ. ಈ ನಂಟಿಗೆ ಹೊರಗೆ ಉಳಿದದ್ದು ನಮ್ಮ ಪುಸ್ತಕದ ಭಾನುವಾರ! ಅವರ 'ಜುಮೆರಾತ್' ಎಂದರೆ ಜುಮ್ಮಾದ ಹಿಂದಿನ ರಾತ್ರಿ, ನಮ್ಮ ಬೇಸ್ತವಾರ. ಇನ್ನು 'ಹಫ್ತಾ' ಪಾರ್ಸಿಯ 'ಏಳು' ಎಂಬ ಪದದಿಂದ ಬಂದದ್ದು. ಉರ್ದುವಿನಲ್ಲಿ ಅದು ಶನಿವಾರವೂ ಹೌದು, ಏಳು ದಿನಗಳ ವಾರವೂ ಹೌದು. (ಕನ್ನಡದಲ್ಲಿ ಪಾಪ, ಅದು ರೌಡಿಗಳ ವಸೂಲಿಗೆ ಸೀಮಿತವಾಯಿತು.) ತಗಾಲೊಗ್‌ನ ಲಿಂಗ್ಗೊ ಕೂಡ ಭಾನುವಾರ ಮತ್ತು ವಾರ ಎರಡನ್ನೂ ಸೂಚಿಸುತ್ತದೆ. ನಮ್ಮ 'ವಾರ'ಕ್ಕೆ ಮೂಲದಲ್ಲಿ 'ಸರದಿ' ಎಂಬ ಅರ್ಥ. 'ವಾರಾನ್ನ'ದಲ್ಲಿ ಅದರ ನೆರಳಿದೆ. ಈಗ ಅದು ಒಂದು ದಿನವೂ ಹೌದು, ಏಳು ದಿನವೂ ಹೌದು. 'ಇವತ್ತು ನಮ್ಮನೇಲಿ ವಾರ' ಎಂದರೆ ಮನೆದೇವರ ದಿನ, ಅಡುಗೆಮನೆಗೆ ಮಾಂಸ ಬಾರದು.

ಮಕ್ಕಳು 'ಹಳೆಯದು ಯಾವುದು' ಎಂದು ಕೇಳಿದರೆ ಒಂದು ಸಂಗತಿ ಹೇಳಬಹುದು. ಭಾರತದ ಶಾಸನಗಳಲ್ಲಿ ವಾರದ ಹೆಸರಿರುವ ಅತಿ ಹಳೆಯ ಉದಾಹರಣೆಗಳಲ್ಲೊಂದು ಮಧ್ಯಪ್ರದೇಶದ ಏರಣ್‌ನ ಬುಧಗುಪ್ತನ ಕಾಲದ ಶಾಸನ, ಕ್ರಿ.ಶ. 484ರದು. ಅದರಲ್ಲಿರುವುದು ದೇವಗುರುವಿನ ದಿನ. ಬೇಸ್ತವಾರವೆನ್ನಿ, ಗುರುವಾರವೆನ್ನಿ, ಆ ದಿನವೇ.

ಪಾಠಯೋಜನೆಗೆ ನನ್ನ ಸಲಹೆ ಸರಳ. ಪೂರ್ವಜ್ಞಾನ ಪರೀಕ್ಷೆಯಲ್ಲಿ 'ವಾರಗಳು ಎಷ್ಟು?' ಎಂದು ಕೇಳುವ ಬದಲು 'ನಿಮ್ಮೂರ ಹತ್ತಿರ ಸಂತೆ ಯಾವ ವಾರ?' ಎಂದು ಕೇಳಿ. ಮಕ್ಕಳು ಹೇಳಿದ ರೂಪವನ್ನೇ ಕಪ್ಪುಹಲಗೆಯ ಎಡಕ್ಕೆ ಬರೆಯಿರಿ, ಪುಸ್ತಕದ ರೂಪವನ್ನು ಬಲಕ್ಕೆ. ಉರ್ದು ಹೆಸರು ಬಂದರೆ ಅದಕ್ಕೂ ಒಂದು ಸಾಲು. 'ಸಂಡೇ' ಅಂತೂ ಬಂದೇ ಬರುತ್ತದೆ, ಬರಲಿ. ಪರೀಕ್ಷೆಯಲ್ಲಿ ಯಾವ ಸಾಲಿನ ರೂಪ ಬರೆಯಬೇಕೆಂದು ಕೊನೆಗೆ ಸ್ಪಷ್ಟವಾಗಿ ಹೇಳಿ. ಎಡಗಡೆಯದನ್ನು ಮಾತ್ರ ಅಳಿಸಬೇಡಿ.