ತಗಡಿನ ಮೇಲೆ ಕೌದಿ

ಪಿಕಪ್ ಗಾಡಿಯ ಹಿಂದೆ ಮಲಗುವುದು ರಾಯಚೂರು ಸೀಮೆಯಲ್ಲಿ ಹವ್ಯಾಸವಲ್ಲ, ಹತ್ತಿ ಮಾರುವ ಕೆಲಸದ ಒಂದು ಭಾಗ. ಗುಂಜಹಳ್ಳಿಯಿಂದಲೋ ಮಾನ್ವಿ, ದೇವದುರ್ಗದ ಕಡೆಯಿಂದಲೋ ಸಂಜೆ ಹೊರಟ ಗಾಡಿ ರಾಯಚೂರಿನ ಗಂಜ್ (ಕೃಷಿ ಮಾರುಕಟ್ಟೆ) ಸೇರುವಾಗ ರಾತ್ರಿಯಾಗಿರುತ್ತದೆ. ದಲಾಲಿ ಅಂಗಡಿ ತೆರೆಯುವುದು ಮರುದಿನ. ಕಾವಲಿಗೂ ನಿದ್ದೆಗೂ ಒಂದೇ ಜಾಗ. ಹಿಂದೆ ಇದಕ್ಕೆ ಎತ್ತಿನ ಬಂಡಿಯ ಅಡಿಯ ನೆಳಲಿತ್ತು. 2005ರಲ್ಲಿ ಬಂದ ಟಾಟಾ ಏಸ್, ಜತೆಗೆ ಬೊಲೆರೊ ಪಿಕಪ್, 2011ರ ಅಶೋಕ್ ಲೇಲ್ಯಾಂಡ್ ದೋಸ್ತ್ ಹಳ್ಳಿಹಳ್ಳಿಗೆ ಇಳಿದ ಮೇಲೆ, ಬಂಡಿಯ ಕೆಳಗಿದ್ದ ಹಾಸಿಗೆ ಗಾಡಿಯ ಮೇಲೇರಿತು.

ಮಲಗಲು ಮೊದಲು ಬೇಕಾದದ್ದು ಉದ್ದ. ಏಸ್‌ನ ಬಾಡಿ ಸುಮಾರು ಏಳು ಅಡಿ, ಬೊಲೆರೊದ್ದು ಮಾದರಿಗೆ ತಕ್ಕಂತೆ ಎಂಟರಿಂದ ಹತ್ತು. ಪ್ರವಾಸಪ್ರಿಯರು ಲಕ್ಷಗಟ್ಟಲೆ ಸುರಿದು ಕೊಳ್ಳುವ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳಲ್ಲಿ ಐದು ಜನ ಕೂರುವ ಕ್ಯಾಬಿನ್ನೇ ಗಾಡಿಯ ಅರ್ಧ ತಿಂದು, ಹಿಂದೆ ಉಳಿಯುವುದು ಬರೀ ಐದು ಅಡಿ. ಅದರಲ್ಲೂ ಎರಡು ಬದಿಗೆ ಗಾಲಿಯ ಗುಬ್ಬಟೆ. ಕಾಲು ಚಾಚಬೇಕೆಂದರೆ ಹಿಂದಿನ ಡೋರ್ ಇಳಿಸಬೇಕು. ಹತ್ತಿ ಹೇರುವ ಗಾಡಿಯ ತಳ ಗಾಲಿಗಳ ಮೇಲೆ ಕೂತಿರುವುದರಿಂದ ಈ ಮೂಲೆಯಿಂದ ಆ ಮೂಲೆಯವರೆಗೆ ಸಪಾಟು. ನಿದ್ದೆಯ ಲೆಕ್ಕದಲ್ಲಿ ಬಡವರ ಗಾಡಿಯೇ ಮೇಲು.

ಹತ್ತಿ ತುಂಬಿದ ದೊಡ್ಡ ಚೀಲ, ಅಂಡಿಗೆಯ ಮೇಲೇ ಮಲಗಬಹುದಲ್ಲ ಎಂಬುದು ನೋಡುವವರ ಕಲ್ಪನೆ. ಅಂಡಿಗೆ ದುಂಡಗೆ, ಮಗ್ಗುಲಾದರೆ ಜಾರುತ್ತದೆ. ಬೀಡಿಯ ಒಂದು ಕಿಡಿಗೆ ಹತ್ತಿದ ಬೆಂಕಿ ಊರೆಲ್ಲ ಕೂಡಿದರೂ ಆರದು. ಗುಂಜಹಳ್ಳಿಯ ಪಿಕಪ್ ಒಂದರಲ್ಲಿ ಕಂಡ ಹಾಸಿಗೆ ಇಳಿಸಿದ ಮೇಲಿನದು, ಖಾಲಿ ಬಾಡಿಯದು. ತಗಡಿನ ಏಣುಗಳ ನಡುವಿನ ಹಳ್ಳಕ್ಕೆ ಭತ್ತದ ಹುಲ್ಲು ತುರುಕಿತ್ತು. ಅದರ ಮೇಲೆ ಬಿಚ್ಚಿ ಹರಡಿದ ಗೋಣಿಚೀಲ ನಾಲ್ಕು, ಮೇಲೆ ಎರಡು ಕೌದಿ. ಕ್ಯಾಬಿನ್ ಕಡೆಗೆ ತಲೆ, ಅಲ್ಲಿ ಸುತ್ತಿಟ್ಟ ಹಗ್ಗವೇ ತಲೆದಿಂಬು. ಹುಲ್ಲು ಮೆತ್ತಗಾಗಲೆಂದು ಮಾತ್ರ ಅಲ್ಲ. ಜನವರಿಯ ನಸುಕಿಗೆ ಕಬ್ಬಿಣ ಮೈಯ ಕಾವನ್ನು ಹೀರುತ್ತದೆ. ಹುಲ್ಲಿನಲ್ಲಿ ಸಿಕ್ಕ ಗಾಳಿ ಅದನ್ನು ತಡೆಯುತ್ತದೆ. ಹೊದೆಯುವುದಕ್ಕಿಂತ ಹಾಸುವುದು ದಪ್ಪವಿರಬೇಕು.

ಕೌದಿಯ ಮಾತು ಬಂದಾಗ ಅವಸರ ಸಲ್ಲದು. ಅದರಲ್ಲಿ ಹಳೆ ಸೀರೆಯೇ ಮೇಲ್ಮೈ, ಹರಕು ಬಟ್ಟೆಯೇ ಹೊಟ್ಟೆ. ಹೊರಗಿನ ಅಂಚಿನಿಂದ ಒಳಗೆ ಸುತ್ತಿಕೊಂಡು ಸಾಗುವ ಸಾದಾ ಓಟದ ಹೊಲಿಗೆ ಪದರಗಳನ್ನು ಹಿಡಿದಿಡುತ್ತದೆ. ಅರಳೆ ತುಂಬಿದ ಗಾದಿಯಂತೆ ಅದು ಗಂಟುಕಟ್ಟದು, ನೆನೆದರೂ ಮಧ್ಯಾಹ್ನದೊಳಗೆ ಆರುತ್ತದೆ, ಮಡಿಚಿದರೆ ಡ್ರೈವರ್ ಸೀಟಿನ ಹಿಂದೆ ಕೂರುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫೂಲ’ ಇರುತ್ತದೆ; ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ನಂಬಿಕೆ. ರಬ್ಬರಿನ ಗಾಳಿಹಾಸಿಗೆಗೆ ಇಂಥ ಮಾನಮರ್ಯಾದೆಯ ಚಿಂತೆ ಇಲ್ಲ. ಒಂದು ಮುಳ್ಳು ಸಾಕು ಅದಕ್ಕೆ. ಬಳ್ಳಾರಿ ಜಾಲಿ ಇಲ್ಲಿ ಎಲ್ಲಿಲ್ಲ?

ಮೇಲೆ ಹೊದಿಸುವ ತಾಡಪತ್ರಿಯನ್ನು ಬಿಗಿದು ಮುಚ್ಚಿದರೆ ಉಸಿರಿನ ಆವಿಯೇ ಹನಿಯಾಗಿ ಮುಖಕ್ಕೆ ಬೀಳುತ್ತದೆ. ನಡುವೆ ಹಗ್ಗ ಎಳೆದು ಗುಡಿಸಿಲಿನಂತೆ ಇಳಿಬಿಟ್ಟು, ಎರಡೂ ತುದಿ ತೆರೆದಿಡುವುದು ರೂಢಿ. ಒಳಗೆ ಸ್ಟೋವ್ ಹಚ್ಚುವುದು, ಚಾಲೂ ಎಂಜಿನ್ನಿನ ಹೊಗೆ ನುಗ್ಗಗೊಡುವುದು ಸಾವಿಗೆ ದಾರಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆ ಮೇಲಿರಲೆಂದು ಗಾಡಿಯ ಮೂತಿ ಏರಿಗೆ, ಉರುಳದಿರಲೆಂದು ಗಾಲಿಗೆ ಕಲ್ಲು. ಬೇಸಿಗೆಯ ಕಥೆ ಬೇರೆ: 40 ಡಿಗ್ರಿ ದಾಟಿದ ದಿನ ಕಾದ ತಗಡು ರಾತ್ರಿಯೂ ಕಾವು ಉಗುಳುತ್ತದೆ. ಮುಸ್ಸಂಜೆಗೆ ನಾಲ್ಕು ಕೊಡ ನೀರು ಚೆಲ್ಲಿದರೆ, ಆವಿಯಾಗುವ ನೀರು ಆ ಕಾವನ್ನು ಕೊಂಡೊಯ್ಯುತ್ತದೆ. ಸೊಳ್ಳೆಪರದೆ ಎಲ್ಲ ಕಾಲಕ್ಕೂ ಬೇಕು. ಎರೆಹೊಲದ ಚೇಳು, ಹಾವುಗಳಿಂದ ಬಾಡಿಯ ಎತ್ತರವೇ ಅರ್ಧ ರಕ್ಷಣೆ.

ಇಷ್ಟೆಲ್ಲ ನಿಂತ ಗಾಡಿಗೆ. ಓಡುವ ಸರಕು ಗಾಡಿಯಲ್ಲಿ ಜನರನ್ನು ಒಯ್ಯುವುದನ್ನು ಕಾನೂನು ಒಪ್ಪುವುದಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರದ ಗುಳ್ಳಾಪುರ ಬಳಿ ಸವಣೂರಿನ ತರಕಾರಿ, ಹಣ್ಣು ವ್ಯಾಪಾರಿಗಳಿದ್ದ ಲಾರಿ ಉರುಳಿ 10 ಜನ ತೀರಿಕೊಂಡರು. ಅವರು ಹೊರಟಿದ್ದು ಕುಮಟಾ ಸಂತೆಗೆ.

ಯುಗಾದಿಗೆ ಮುಂಚಿನ ಶ್ರೀಶೈಲ ಪಾದಯಾತ್ರೆಯಲ್ಲಿ ಜನ ನಡೆಯುತ್ತಾರೆ; ಇದೇ ಪಿಕಪ್‌ಗಳು ಬುತ್ತಿ, ನೀರು, ಕೌದಿ ಹೊತ್ತು ಮುಂದೆ ಹೋಗಿ ವಸ್ತಿಯಲ್ಲಿ ಕಾಯುತ್ತವೆ. ಆತ್ಮಕೂರಿನಾಚೆ ವೆಂಕಟಾಪುರದವರೆಗೆ ನಡೆಯುವವರಿಗೂ ಗಾಡಿಗೂ ಜೋಡಿ ತಪ್ಪುವುದಿಲ್ಲ. ಅಲ್ಲಿಂದ ನಲ್ಲಮಲ ಕಾಡಿನ ಕಾಲುದಾರಿ. ಗಾಡಿ ದೋರ್ನಾಲ ಸುತ್ತಿ ಬರಬೇಕು. ಹಾಸಿಗೆಯೆಲ್ಲ ಗಾಡಿಯ ಜತೆ ಹೊರಟಾಗ, ನಡೆಯುವವರು ಅದರಿಂದ ಒಂದೊಂದು ಕೌದಿ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ.