ಸಣ್ಣ ಜಾಲತಾಣ, ಸಣ್ಣ ಸಂಪಾದನೆ: ಮೊದಲ ಕೆಲಸ ಸಂಘದ ಅಂಗಳದಲ್ಲೇ ಇದೆ

ಮುಂಬಯಿ: ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಹಿಂದಿನ ತಲೆಮಾರಿನ ಕನ್ನಡಿಗರಲ್ಲಿ ಅನೇಕರು ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಎಸ್‌ಎಸ್‌ಸಿ ಪಾಸಾದವರು. ಅದರ ಬೆನ್ನಿಗೇ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕ್ಲಾಸು. ಫೋರ್ಟ್ ಪರಿಸರದ ಕಚೇರಿಗಳ ಬಾಗಿಲು ತೆರೆಸಿದ್ದು ಆ ಎರಡು ಸಣ್ಣ ವಿದ್ಯೆಗಳೇ. ಎಷ್ಟೋ ಕುಟುಂಬಗಳು ಚಾಳಿನಿಂದ ಫ್ಲ್ಯಾಟಿಗೆ ದಾಟಿದ್ದು ಅವುಗಳ ಬಲದಿಂದ.

ಇಂದಿನ ವಿದ್ಯಾರ್ಥಿಗಳಿಗೆ, ಮನೆಯಲ್ಲಿರುವ ಗೃಹಿಣಿಯರಿಗೆ, ನಿವೃತ್ತಿಯ ಬಳಿಕವೂ ಕೈಕಟ್ಟಿ ಕೂರಲೊಲ್ಲದ ಹಿರಿಯರಿಗೆ ಅಂತಹದೇ ಒಂದು ಕೈಕಸುಬಾಗಬಲ್ಲದು ಸರಳ ಜಾಲತಾಣಗಳ ನಿರ್ಮಾಣ. ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಸಂಜೆಯ ಎರಡು ತಾಸು, ಒಂದು ಹಳೆಯ ಕಂಪ್ಯೂಟರ್, ಮೂರು ನಾಲ್ಕು ತಿಂಗಳ ತಾಳ್ಮೆ ಇದ್ದರೆ ಆರಂಭಿಸಬಹುದು. ಆದರೆ ಇದರಿಂದ ಹಣ ಹೇಗೆ ಬರುತ್ತದೆ, ಎಷ್ಟು ಬರುತ್ತದೆ ಎಂಬ ಬಗ್ಗೆ ತಪ್ಪು ಕಲ್ಪನೆಗಳೇ ಹೆಚ್ಚು. ಅದರಿಂದಾಗಿ ಕೆಲವರು ಹಣ ಕಳೆದುಕೊಂಡರೆ, ಇನ್ನು ಕೆಲವರು ಆರೇ ತಿಂಗಳಲ್ಲಿ ನಿರಾಶರಾಗಿ ಕೈಬಿಡುತ್ತಾರೆ.

ಮುಂಬಯಿಗೆ ಹೊಸತಲ್ಲ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮವು ಅಂದು ಆರಂಭಿಸಿದ ಸೇವೆಯನ್ನು ಮೊದಲು ಪಡೆದ ನಗರಗಳಲ್ಲಿ ಮುಂಬಯಿಯೂ ಒಂದು. ಮರುವರ್ಷವೇ, ಅಂದರೆ 1996ರಲ್ಲಿ, ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಎನಿಸಿದ 'ವಿಶ್ವಕನ್ನಡ' ಬೆಳಕು ಕಂಡಿತು. ಅದನ್ನು ಆರಂಭಿಸಿದ ಡಾ. ಯು. ಬಿ. ಪವನಜ ಅವರು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು ಎಂಬುದು ಹೊರನಾಡ ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿ. ಅಂದು ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವುದೇ ಒಂದು ಸಾಹಸವಾಗಿತ್ತು. ಇಂದು ಕಿಸೆಯ ಮೊಬೈಲಿನಲ್ಲೇ ಕನ್ನಡವಿದೆ.

ಜಾಹೀರಾತಿನ ಲೆಕ್ಕಾಚಾರ

ಹೊಸಬರಲ್ಲಿ ಬಹುತೇಕರ ಕಣ್ಣು ಮೊದಲು ಹೋಗುವುದು ಜಾಹೀರಾತಿನ ಕಡೆಗೆ. ಒಂದು ತಾಣ ಮಾಡಿ, ಅದರಲ್ಲಿ ಅಡುಗೆಯನ್ನೋ ಪ್ರವಾಸವನ್ನೋ ಬರೆದು, ಗೂಗಲ್‌ನ ಜಾಹೀರಾತು ಹಾಕಿಸಿಕೊಂಡರೆ ಮಲಗಿದ್ದಾಗಲೂ ದುಡ್ಡು ಬೀಳುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮಾತು ಪೂರ್ತಿ ಸುಳ್ಳಲ್ಲ, ಆದರೆ ಬೀಳುವ ದುಡ್ಡಿನ ಮೊತ್ತವನ್ನು ಯಾರೂ ಹೇಳುವುದಿಲ್ಲ.

ಗೂಗಲ್ ಆಡ್‌ಸೆನ್ಸ್ ಎಂಬ ಈ ವ್ಯವಸ್ಥೆ ಆರಂಭವಾದದ್ದು 2003ರಲ್ಲಿ. ಹಿಂದಿ ಪುಟಗಳಿಗೆ ಅದು ಮನ್ನಣೆ ನೀಡಿದ್ದು 2014ರ ಕೊನೆಯಲ್ಲಿ, ಕನ್ನಡಕ್ಕೆ ಆಗಲೂ ಸರದಿ ಬಂದಿರಲಿಲ್ಲ. ಖಾತೆಯಲ್ಲಿ 10 ಡಾಲರ್ ಜಮೆಯಾದ ಬಳಿಕ ವಿಳಾಸ ಖಚಿತಪಡಿಸಿಕೊಳ್ಳಲು ಒಂದು ರಹಸ್ಯ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. (ಕಟ್ಟಡದ ಟಪಾಲು ಡಬ್ಬಿಯಲ್ಲಿ ಲೈಟ್ ಬಿಲ್ಲುಗಳ ನಡುವೆ ಈ ಪುಟ್ಟ ಲಕೋಟೆ ಕಳೆದುಹೋಗದಂತೆ ನೋಡಿಕೊಳ್ಳಬೇಕು.) ಒಟ್ಟು 100 ಡಾಲರ್ ಆಗುವ ತನಕ ಬ್ಯಾಂಕಿಗೆ ಹಣ ಬರುವುದಿಲ್ಲ. ಪುಟವನ್ನು ಸಾವಿರ ಬಾರಿ ಜನ ತೆರೆದಾಗ ಒಂದು ಡಾಲರ್ ಸಿಕ್ಕಿತು ಎಂದೇ ಹಿಡಿದರೂ ಆ 100 ಡಾಲರಿಗೆ ಒಂದು ಲಕ್ಷ ಬಾರಿ ಪುಟ ತೆರೆಯಬೇಕು. ಭಾರತೀಯ ಭಾಷೆಯ ಪುಟಗಳಿಗೆ ಅಷ್ಟು ದರವೂ ಸುಲಭವಾಗಿ ದಕ್ಕುವುದಿಲ್ಲ. ಇದೀಗ ಹುಡುಕಾಟದ ಪುಟದಲ್ಲೇ ಕೃತಕ ಬುದ್ಧಿಮತ್ತೆ ಉತ್ತರ ಕೊಟ್ಟುಬಿಡುವುದರಿಂದ ತಾಣದ ತನಕ ಬರುವವರೇ ಕಡಿಮೆಯಾಗುತ್ತಿದ್ದಾರೆ.

ಇನ್ನೊಂದು ಎಡವಟ್ಟು ಮಮತೆಯಿಂದಲೇ ಆಗುವಂಥದು. ಮಗ ತಾಣ ಮಾಡಿದ್ದಾನೆಂಬ ಸಂಭ್ರಮದಲ್ಲಿ ಅಪ್ಪ 'ದಯವಿಟ್ಟು ಎಲ್ಲರೂ ಜಾಹೀರಾತು ಒತ್ತಿ ಪ್ರೋತ್ಸಾಹಿಸಿ' ಎಂದು ಸಂಘದ ವಾಟ್ಸಪ್ ಗುಂಪಿಗೆ ಸಂದೇಶ ಹಾಕುತ್ತಾರೆ. ಬಂಧುಗಳು ಪ್ರೀತಿಯಿಂದ ಒತ್ತುತ್ತಾರೆ. ಗೂಗಲ್ ಅದನ್ನು ಮೋಸವೆಂದು ಪರಿಗಣಿಸಿ ಖಾತೆಯನ್ನೇ ಮುಚ್ಚಬಹುದು. ತನ್ನ ತಾಣದ ಜಾಹೀರಾತನ್ನು ತಾನು ಒತ್ತುವುದು, ಬೇರೆಯವರಿಂದ ಒತ್ತಿಸುವುದು ಎರಡೂ ನಿಷಿದ್ಧ.

ಇನ್ನು 'ಮೂರು ಸಾವಿರ ಕಟ್ಟಿ, ಸಿದ್ಧ ವೆಬ್‌ಸೈಟ್ ಪಡೆಯಿರಿ, ತಿಂಗಳಿಗೆ ಐವತ್ತು ಸಾವಿರ ಗಳಿಸಿ' ಎಂಬ ಜಾಹೀರಾತುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಕೆಲಸ ಕೊಡುವವನೇ ಮೊದಲು ಹಣ ಕೇಳಿದರೆ ದೂರ ಸರಿಯುವುದು ಕ್ಷೇಮ. ಹಣ ಹೋದದ್ದೇ ಆದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು.

ದುಡಿಮೆ ಇರುವುದು ನೆರೆಹೊರೆಯಲ್ಲಿ

ಹಾಗಾದರೆ ಹೊಸಬನಿಗೆ ಗಳಿಕೆ ಎಲ್ಲಿಂದ? ತನ್ನ ತಾಣಕ್ಕೆ ಲಕ್ಷ ಜನರನ್ನು ಕರೆತರುವುದಕ್ಕಿಂತ, ಪರಿಚಯದ ಹತ್ತು ಮಂದಿಗೆ ತಾಣ ಮಾಡಿಕೊಡುವುದು ಎಷ್ಟೋ ಪಾಲು ಸುಲಭ. ಮದುವೆ ಮುಂಜಿಗೆ ಅಡುಗೆ ಮಾಡುವ ಕೇಟರಿಂಗ್‌ನವರು, ಪುರೋಹಿತರು, ಭರತನಾಟ್ಯ ಕಲಿಸುವ ಗುರುಗಳು, ಯಕ್ಷಗಾನ ಮಂಡಳಿ, ಟ್ಯೂಷನ್ ನಡೆಸುವ ಶಿಕ್ಷಕಿ, ಟೂರ್ಸ್ ಆಂಡ್ ಟ್ರಾವೆಲ್ಸ್: ಡೊಂಬಿವಲಿಯಿಂದ ದಾದರ್ ತನಕ, ಮುಲುಂಡಿನಿಂದ ವಾಶಿಯ ತನಕ ಇಂತಹವರು ಸಂಘದ ಸದಸ್ಯರಲ್ಲೇ ಸಿಗುತ್ತಾರೆ. ಇವರಿಗೆ ಬೇಕಾದದ್ದು ಮೂರೋ ನಾಲ್ಕೋ ಪುಟಗಳ ತಾಣ. ಯಾರು, ಏನು ಮಾಡುತ್ತಾರೆ, ದರ ಎಷ್ಟು, ಫೋನ್ ಯಾವುದು, ಬರುವ ದಾರಿ ಹೇಗೆ. ಅಷ್ಟೇ.

ಫೇಸ್‌ಬುಕ್, ವಾಟ್ಸಪ್ ಇರುವಾಗ ತಾಣವೇಕೆ ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಈಚಿನ ಒಂದು ಉದಾಹರಣೆ ಸಾಕು. ನಕ್ಷೆಯಲ್ಲಿ ಅಂಗಡಿಯ ಹೆಸರು ದಾಖಲಿಸಿದವರಿಗೆ ಗೂಗಲ್ ಪುಕ್ಕಟೆಯಾಗಿ ಒಂದು ಪುಟ್ಟ ತಾಣ ಮಾಡಿಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸವನ್ನೇ ಅಚ್ಚು ಹಾಕಿಸಿದ್ದವರ ಕಾರ್ಡು ಕೆಲವೇ ತಿಂಗಳಲ್ಲಿ ಬರೀ ಕಾಗದವಾಯಿತು. ಹಿಂದೆ, 2009ರಲ್ಲಿ, ಯಾಹೂ ಸಂಸ್ಥೆಯ ಜಿಯೋಸಿಟೀಸ್ ಮುಚ್ಚಿದಾಗಲೂ ಆದದ್ದು ಇದೇ. ಬಾಡಿಗೆಯನ್ನೂ ಕೇಳದ ಮನೆಯ ಮಾಲೀಕ ಯಾವತ್ತು ಬೇಕಾದರೂ ಖಾಲಿ ಮಾಡಿಸಬಲ್ಲ. ಸ್ವಂತ ಡೊಮೈನ್ ಹೆಸರು ಇದ್ದರೆ, ಒಂದು ಕಡೆ ಮುಚ್ಚಿದರೂ ಅದೇ ವಿಳಾಸವನ್ನು ಇನ್ನೊಂದು ಕಡೆಗೆ ಒಯ್ಯಬಹುದು. ಡಾಟ್ ಇನ್ ಹೆಸರುಗಳು 2005ರಿಂದ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿವೆ, ವರ್ಷದ ಶುಲ್ಕವೂ ಹೊರೆಯೆನಿಸುವಂಥದಲ್ಲ. ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗದೆ, ಎರಡನೆಯ ವರ್ಷ ನವೀಕರಣಕ್ಕೆ ಎಷ್ಟು ಕೇಳುತ್ತಾರೆಂದು ನೋಡಿಯೇ ಕೊಳ್ಳಬೇಕು.

ಲೆಕ್ಕವನ್ನು ಹೀಗೆ ಇಟ್ಟುಕೊಳ್ಳೋಣ. ಕೇಟರಿಂಗ್‌ನವರ ತಾಣಕ್ಕೆ ಎಂಟು ಸಾವಿರ ರೂಪಾಯಿ ಎಂದು ಒಪ್ಪಂದವಾಯಿತು. ಡೊಮೈನ್, ಹೋಸ್ಟಿಂಗ್ ಎಂದು ಮೂರು ಸಾವಿರ ಹೋದರೆ ಉಳಿಯುವುದು ಐದು ಸಾವಿರ. ಇದು ಒಂದು ಬಾರಿಯ ಮಾತು. ನಿಜವಾದ ಆಧಾರ ಇರುವುದು ವಾರ್ಷಿಕ ನಿರ್ವಹಣೆಯಲ್ಲಿ. ದರ ಬದಲಾಯಿಸುವುದು, ಹೊಸ ಫೋಟೋ ಹಾಕುವುದು, ನವೀಕರಣದ ತಾರೀಖು ನೆನಪಿಡುವುದು, ಇದಕ್ಕೆ ಖರ್ಚು ಕಳೆದು ವರ್ಷಕ್ಕೆ ಮೂರು ಸಾವಿರದಂತೆ ಹತ್ತು ಮಂದಿಯಿಂದ ಬಂದರೆ ಮೂವತ್ತು ಸಾವಿರ. ಇದರಿಂದ ಮನೆ ನಡೆಯದು. ಆದರೆ ಕಾಲೇಜಿನ ಫೀಸು ಕಟ್ಟಬಹುದು, ಮುಂದಿನ ಹತ್ತು ಗಿರಾಕಿಗಳಿಗೆ ತೋರಿಸಲು ಮಾಡಿದ ಕೆಲಸವೂ ಕೈಯಲ್ಲಿರುತ್ತದೆ. ಗಳಿಕೆ ಎಷ್ಟೇ ಚಿಕ್ಕದಿರಲಿ, ರಸೀದಿ ಕೊಟ್ಟು ಲೆಕ್ಕ ಬರೆದಿಡುವ ಅಭ್ಯಾಸ ಮೊದಲ ದಿನದಿಂದಲೇ ಇರಬೇಕು. ಪರಿಚಯದವರೆಂದು ಬಾಯಿಮಾತಿನಲ್ಲಿ ಮುಗಿಸಿದ ಕೆಲಸಗಳಲ್ಲೇ ಮನಸ್ತಾಪ ಹುಟ್ಟುವುದು.

ಕಲಿಯುವುದಾದರೂ ಏನು?

ಜಾಲಪುಟ ಎಂದರೆ ಮೂಲತಃ ಒಂದು ಸಾದಾ ಪಠ್ಯದ ಕಡತ. ನೋಟ್‌ಪ್ಯಾಡಿನಲ್ಲಿ ಬರೆದು, ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದು ಹೆಸರಿಟ್ಟು ಉಳಿಸಿದರೆ ಬ್ರೌಸರ್‌ನಲ್ಲಿ ತೆರೆಯುತ್ತದೆ. ಶೀರ್ಷಿಕೆ, ಪ್ಯಾರಾ, ಚಿತ್ರ, ಕೊಂಡಿ ಇವಿಷ್ಟನ್ನು ಬರೆಯಲು ಬಂದರೆ ಎಚ್‌ಟಿಎಂಎಲ್‌ನ ಅರ್ಧ ದಾರಿ ಸಾಗಿದಂತೆ. ಬಣ್ಣ, ಅಂದಚಂದಕ್ಕೆ ಸಿಎಸ್‌ಎಸ್. ಬರೆಯುವ ಗೋಜು ಬೇಡವೆನ್ನುವವರಿಗೆ 2003ರಿಂದ ಇರುವ ವರ್ಡ್‌ಪ್ರೆಸ್ ಉಂಟು. ಕೃತಕ ಬುದ್ಧಿಮತ್ತೆಯ ಸಾಧನಗಳಂತೂ ಕೇಳಿದೊಡನೆ ಇಡೀ ಪುಟವನ್ನೇ ಬರೆದುಕೊಡುತ್ತವೆ. ಆದರೂ ಮೂಲ ತಿಳಿದಿರಬೇಕು. ಬರೆದುಕೊಟ್ಟದ್ದರಲ್ಲಿ ಫೋನ್ ನಂಬರು ತಪ್ಪಿದ್ದರೆ ಯಾವ ಸಾಲನ್ನು ತಿದ್ದಬೇಕೆಂಬುದಾದರೂ ಗೊತ್ತಿರಬೇಡವೇ?

ಹೊಸಬರ ಕೆಲಸ ಕೆಡುವುದು ಬಹುಪಾಲು ಸಣ್ಣಪುಟ್ಟ ವಿಷಯಗಳಲ್ಲಿ. ಮೊಬೈಲಿನಲ್ಲಿ ತೆಗೆದ ನಾಲ್ಕೈದು ಎಂಬಿ ತೂಕದ ಫೋಟೋವನ್ನು ಹಾಗೆಯೇ ಏರಿಸಿದರೆ, ಲೋಕಲ್ ಟ್ರೈನಿನಲ್ಲಿ ನೇತಾಡುತ್ತ ನೋಡುವ ಗಿರಾಕಿ ಪುಟ ತೆರೆಯುವ ಮುನ್ನವೇ ಮುಂದೆ ಹೋಗಿರುತ್ತಾನೆ. ಚಿತ್ರವನ್ನು ಇನ್ನೂರು ಕೆಬಿಯೊಳಗೆ ಇಳಿಸುವುದು ಎರಡು ನಿಮಿಷದ ಕೆಲಸ. ಊಟದ ಮೆನುವನ್ನು ಫೋಟೋ ಹೊಡೆದು ಹಾಕುವ ಬದಲು ಅಕ್ಷರಗಳಲ್ಲಿ ಟೈಪ್ ಮಾಡಿದರೆ 'ಥಾಣೆ ಮಂಗಳೂರು ಶೈಲಿ ಕೇಟರಿಂಗ್' ಎಂದು ಹುಡುಕಿದವರಿಗೆ ತಾಣ ಸಿಗುವ ಸಾಧ್ಯತೆ ಹೆಚ್ಚು. ಫೋನ್ ನಂಬರು ಒತ್ತಿದರೆ ನೇರ ಕರೆ ಹೋಗುವಂತಿರಬೇಕು.

ಕನ್ನಡದವರಿಗೇ ಇರುವ ತೊಡಕು ಬೇರೊಂದಿದೆ. ಸಂಘಗಳ ಸ್ಮರಣ ಸಂಚಿಕೆ, ಆಮಂತ್ರಣ ಪತ್ರಿಕೆಗಳು ವರ್ಷಾನುಗಟ್ಟಲೆ ಡಿಟಿಪಿಯಾದದ್ದು ಬರಹ, ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಆ ಕಡತದ ಲೇಖನವನ್ನು ನಕಲಿಸಿ ತಾಣಕ್ಕೆ ಅಂಟಿಸಿದರೆ ಅಧ್ಯಕ್ಷರ ಭಾಷಣದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟುತ್ತವೆ. ಅದನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು. ಇಲ್ಲಿ ಕನ್ನಡ ಓದಲು ಬಾರದ ದೊಡ್ಡ ಕಂಪನಿಗಿಂತ, ಕನ್ನಡ ಶಾಲೆಯಲ್ಲಿ ಕಲಿತ ನಿವೃತ್ತ ಗುಮಾಸ್ತರೇ ಮೇಲು. ಮೊಮ್ಮಗಳು ತಾಂತ್ರಿಕ ಕೆಲಸ ನೋಡಿಕೊಂಡರೆ ಅಜ್ಜ ಕರಡು ತಿದ್ದಬಹುದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡ ಅಕ್ಷರ ಮರೆತ ಮಕ್ಕಳನ್ನು ಹಿರಿಯರ ಮಗ್ಗುಲಲ್ಲಿ ಕೂರಿಸುವ ಇಂತಹ ಕೆಲಸ ಬೇರೆ ಸಿಗುವುದು ಕಷ್ಟ.

ಬೀಗದ ಕೈ ಯಾರ ಬಳಿ?

ಸಂಘ ಸಂಸ್ಥೆಗಳ ಪದಾಧಿಕಾರಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಇಲ್ಲಿದೆ. ಸಂಘದ ತಾಣವನ್ನು ಉತ್ಸಾಹಿ ಯುವಕನೊಬ್ಬ ಪುಕ್ಕಟೆಯಾಗಿ ಮಾಡಿಕೊಡುತ್ತಾನೆ. ಡೊಮೈನ್ ನೋಂದಣಿ ಅವನ ಹೆಸರಿನಲ್ಲಿ, ಇಮೇಲ್ ಅವನದು, ಪಾಸ್‌ವರ್ಡ್ ಅವನ ತಲೆಯಲ್ಲಿ. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಸನ್ಮಾನವೂ ಆಗುತ್ತದೆ. ಎರಡು ವರ್ಷದಲ್ಲಿ ಅವನಿಗೆ ದುಬೈಯಲ್ಲಿ ಕೆಲಸ ಸಿಗುತ್ತದೆ, ಸಮಿತಿಯೂ ಬದಲಾಗುತ್ತದೆ. ನವೀಕರಣದ ಎಚ್ಚರಿಕೆ ಅವನು ತೆರೆಯದ ಇಮೇಲಿಗೆ ಬರುತ್ತಲೇ ಇರುತ್ತದೆ. ಅವಧಿ ಮುಗಿದ ಹೆಸರು ಮತ್ತೆ ಮಾರಾಟಕ್ಕೆ ಬರುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ಹೆಸರುಗಳನ್ನು ಹುಡುಕಿ ಕೊಂಡು ಜೂಜಿನ ಪುಟ ಹಾಕುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅರ್ಧ ಶತಮಾನ ಬಾಳಿದ ಸಂಘದ ಹೆಸರನ್ನು ಒತ್ತಿದವರಿಗೆ ಇಸ್ಪೀಟಿನ ಎಲೆಗಳು ಕಂಡರೆ ಆಗುವ ಮುಜುಗರವನ್ನು ಹೇಳಬೇಕಿಲ್ಲ.

ದೋಷ ಆ ಯುವಕನದಲ್ಲ. ಪುಕ್ಕಟೆ ಕೆಲಸಕ್ಕೆ ಯಾರೂ ಜವಾಬ್ದಾರರಿರುವುದಿಲ್ಲ. ಪೆಂಡಾಲಿಗೆ, ಧ್ವನಿವರ್ಧಕಕ್ಕೆ, ಊಟಕ್ಕೆ ಬಜೆಟ್ ಇಡುವ ಸಂಘಗಳು ತಾಣದ ಮಾತು ಬಂದಾಗ ಮಾತ್ರ 'ನಮ್ಮ ಹುಡುಗನೇ ಮಾಡುತ್ತಾನೆ' ಎಂದು ಮುಗಿಸಿಬಿಡುವುದು ಸರಿಯಲ್ಲ. ಸಮುದಾಯದ ವಿದ್ಯಾರ್ಥಿಗೇ ಸಣ್ಣ ಸಂಭಾವನೆ ನಿಗದಿಪಡಿಸಿ ಒಂದು ಪುಟದ ಕರಾರು ಬರೆಸಿಕೊಂಡರೆ ಅವನಿಗೆ ಮೊದಲ ಗಳಿಕೆಯಾಗುತ್ತದೆ, ಸಂಘಕ್ಕೂ ಭದ್ರತೆ.

ಡೊಮೈನ್ ಸಂಘದ ಹೆಸರಿನಲ್ಲೇ ಇರಬೇಕು, ವ್ಯಕ್ತಿಯ ಇಮೇಲಿಗೆ ಬದಲಾಗಿ ಸಂಘದ್ದೇ ಒಂದು ಇಮೇಲ್ ಇರಬೇಕು. ಡಾಟ್ ಇನ್ ಹೆಸರನ್ನು ಒಮ್ಮೆಲೇ ಹತ್ತು ವರ್ಷದ ತನಕ ಕಾದಿರಿಸಲು ಅವಕಾಶವಿದೆ. ಪ್ರತಿವರ್ಷ ಮರೆಯುವುದಕ್ಕಿಂತ ಐದು ವರ್ಷಕ್ಕೆ ಕಟ್ಟಿಬಿಡುವುದು ಲೇಸು. ಸದಸ್ಯರ ಡೈರೆಕ್ಟರಿಯನ್ನು ಫೋನ್, ಮನೆ ವಿಳಾಸ ಸಮೇತ ತಾಣಕ್ಕೆ ಏರಿಸುವ ಹುಮ್ಮಸ್ಸನ್ನು ಬಿಡಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಕಾಯ್ದೆ ಇರಲಿ ಬಿಡಲಿ, ಒಂಟಿಯಾಗಿರುವ ಹಿರಿಯರ ನಂಬರು ಮೋಸಗಾರರಿಗೆ ಸುಲಭವಾಗಿ ಸಿಗಬಾರದು.

ಸಮಿತಿ ಬದಲಾಗುವಾಗ ಹಳೆಯ ಕೋಶಾಧಿಕಾರಿ ಪಾಸ್‌ಬುಕ್, ಚೆಕ್‌ಬುಕ್, ರಸೀದಿ ಪುಸ್ತಕಗಳನ್ನು ಹೊಸಬರಿಗೆ ಒಪ್ಪಿಸಿ ಸಹಿ ಪಡೆಯುತ್ತಾರೆ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಬೇಕು: ಜಾಲತಾಣದ ಹೆಸರು, ನೋಂದಣಿ ಮಾಡಿಸಿದ ಕಂಪನಿ, ಅವಧಿ ಮುಗಿಯುವ ತಾರೀಖು, ಪಾಸ್‌ವರ್ಡ್ ಇರುವ ಮುಚ್ಚಿದ ಲಕೋಟೆ.